ಅಳೆದೂ ಸುರಿದೂ

ಮಿಲಮ್ ಊರಿನ ಟೌನ್ ಹಾಲು, ಮೇಲಂತಸ್ತು.
ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುವ ಅಳಿವೆಯ ಗಾಳಿ.
ಆರು ಜನ, ಒಂದು ಕೆಟಲು, ಬಿಸ್ಕತ್ತಿನ ತಟ್ಟೆ,
ನಡುವೆ ಒಂಬತ್ತನೇ ನಂಬರಿನ ಬಸ್ಸು.
ಬಸ್ಸೆಂದರೆ ಬಸ್ಸಲ್ಲ, ಕೆಂಪು ಹಳದಿ ಹಸಿರು ಬಳಿದ
ಒಂದು ಹಾಳೆ.
ನಾನು ಮೂಲೆಯಲ್ಲಿ, ನಡಾವಳಿ ಬರೆಯುವವಳು.
ನನಗೆ ಬಾಯಿಲ್ಲ, ಬರೀ ಕಿವಿ.

‘ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ ಅರವತ್ತೊಂದು’
ಎಂದರು ಕೌನ್ಸಿಲ್ಲಿನ ಹಿಲರಿ ಟೈಸನ್.
ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
ಮತ್ತೆ ಅದೇ ಅಂಕಿಯನ್ನು ನೋಡಿದರು.
‘ನಾವು ದುಡ್ಡು ಕೊಟ್ಟದ್ದು ಹೊತ್ತಿಗೆ.’

‘ಹೊತ್ತು ತಗೊಂಡು ಏನು ಮಾಡಲಿ,
ತುಂಬಿದ ಸೀಟೆಷ್ಟು, ಅದು ಹೇಳಿ.’
ಇದು ಕಂಪನಿಯ ಗಾರ್ನೆಟ್,
ಡೀಸೆಲ್ ರಸೀದಿಯ ಕಟ್ಟಿನ ಮೇಲೆ ಅಂಗೈ ಊರಿ.

‘ಸೀಟು ಬಿಡಿ’ ಅಂದಳು ನರ್ಸ್ ಅಡಾಯೆಜೆ.
‘ಕ್ಲಿನಿಕ್ಕಿನ ಸರದಿ ತಪ್ಪಿಸಿಕೊಂಡವರು
ಹೋದ ವರ್ಷ ನಲವತ್ತು, ಈ ವರ್ಷ ಹನ್ನೊಂದು.
ಮಿಕ್ಕ ಇಪ್ಪತ್ತೊಂಬತ್ತು ಜನ ಏನು, ಹಾರಿಕೊಂಡು ಬಂದರೆ?’

ಒಂದೇ ಬಸ್ಸು.
ಒಬ್ಬರ ಹಾಳೆಯಲ್ಲಿ ಸತ್ತು ಮಲಗಿದೆ, ಒಬ್ಬರದರಲ್ಲಿ ಏದುಸಿರು,
ಇನ್ನೊಬ್ಬರದರಲ್ಲಿ ಮದುಮಗಳ ಹಾಗೆ ಹೊರಟಿದೆ.

ನಮ್ಮಪ್ಪ ರಾಣೆಬೆನ್ನೂರಿನ ದಲಾಲಿ ಅಂಗಡಿಯಲ್ಲಿ
ಕಾಳು ಅಳೆಯುತ್ತಿದ್ದವನು.
ಸೇರು ಒಂದೇ, ಕೈ ಬೇರೆ, ಅನ್ನುತ್ತಿದ್ದ.
ಗೋಪುರ ಕಟ್ಟಿ ಅಳೆದರೆ ಕೊಳ್ಳುವವನಿಗೆ ಹಿತ,
ತಲೆ ಸವರಿ ಅಳೆದರೆ ಮಾರುವವನಿಗೆ.
ಜಗಳವಿದ್ದರೆ ಚೀಲ ಬಿಚ್ಚುವ ಮೊದಲೇ ಆಡಿ ಮುಗಿಸಿ,
ಅಳೆದ ಮೇಲೆ ಆಡಿದರೆ ಕಾಳೆಲ್ಲ ಇಲಿಯ ಪಾಲು.

ಇಲ್ಲಿ ಚೀಲ ಬಿಚ್ಚಿ ಹದಿನೆಂಟು ತಿಂಗಳಾಗಿದೆ.

ಬಾಗಿಲ ಬಳಿ ಕೋಟು ಬಿಚ್ಚದೆ ಕೂತಿದ್ದಳು
ಡ್ರೈವರ್ ಮಾರೀನ್ ಆಸ್ಕ್ಯೂ.
‘ಮಂಗಳವಾರವೇ ಯಾಕೆ ಯಾವಾಗಲೂ ಕೆಂಪು?’
‘ಮಂಗಳವಾರ ಡಿಕ್ಸನ್’ ಅಂದಳು.
ಇನ್ನೇನೋ ಬರುತ್ತದೆಂದು ಎಲ್ಲರೂ ಕಾದರು.
‘ಅವನ ಗೇಟಿನಿಂದ ನನ್ನ ಬಾಗಿಲಿಗೆ ಅರವತ್ತು ಹೆಜ್ಜೆ.
ವಾಕರ್ ಹಿಡಿದರೆ ನಾಲ್ಕು ನಿಮಿಷ.
ಕನ್ನಡಿಯಲ್ಲಿ ಕಾಣುತ್ತಾನೆ. ಕಂಡ ಮೇಲೆ ಹೇಗೆ ಹೊರಡಲಿ?
ಹೊರಡು ಅಂತ ಬರೆದುಕೊಡಿ, ಹೊರಡುತ್ತೇನೆ.’

ಯಾರೂ ಬರೆದುಕೊಡಲಿಲ್ಲ.
ಕೆಟಲು ತಾನಾಗಿ ಟಕ್ಕೆಂದು ಆರಿತು.

‘ಆದರೆ ಮುಂದಿನ ಸ್ಟಾಪಿನಲ್ಲಿ ಮಳೆ’ ಅಂದ ಗಾರ್ನೆಟ್, ಮೆಲ್ಲಗೆ.
‘ಅಲ್ಲೊಬ್ಬಳು ಹುಡುಗಿ, ಅವಳಿಗೆ ರೈಲಿದೆ, ಹೊಸ ಕೆಲಸ.
ಕಾಯುವುದು ಪುಣ್ಯವೇ.
ಯಾರ ಗಂಟಿನಿಂದ, ಅದು ಹೇಳಿ.’
ಇದಕ್ಕೆ ಮಾರೀನಳ ಹತ್ತಿರವೂ ಉತ್ತರವಿರಲಿಲ್ಲ,
ಕೈಚೀಲಗಳ ಒಂದು ಬೆರಳನ್ನು ಎಳೆಯುತ್ತ ಕೂತಳು.

ಅಳೆದೂ ಸುರಿದೂ, ಬಿಸ್ಕತ್ತು ಮುಗಿದು, ದೀಪ ಹಾಕಿದ ಮೇಲೆ
ಹೊತ್ತಿನ ಕಾಲಂ ಎರಡಾಗಿ ಸೀಳಿತು:
ತಡವಾದ ನಿಮಿಷ. ಕಾದ ನಿಮಿಷ.
ಎರಡನೆಯದಕ್ಕೆ ಯಾವ ಬಣ್ಣವೂ ಇಲ್ಲ.
ರೈಲು ಹಿಡಿಸುವ ಬೆಳಗಿನ ಟ್ರಿಪ್ಪಿನಲ್ಲಿ ಕಾಯುವಂತಿಲ್ಲ,
ಮಿಕ್ಕ ಹೊತ್ತು ಐದು ಮೀರುವಂತಿಲ್ಲ.
ಡಿಕ್ಸನ್ ಹತ್ತೂವರೆಯ ಬಸ್ಸಿಗೆ ಬರಲಿ,
ಅಡಾಯೆಜೆ ಅವನ ಸರದಿಯನ್ನು ಹನ್ನೊಂದಕ್ಕೆ ದೂಡಲಿ.
ಮೂರು ತಿಂಗಳು ನೋಡೋಣ.

ಒಪ್ಪಿದ್ದೂ ಅಲ್ಲ ಸೋತದ್ದೂ ಅಲ್ಲ ಅನ್ನುವಂಥ ಸಹಿ ಹಾಕಿದ ಗಾರ್ನೆಟ್.
ಇಪ್ಪತ್ತೊಂಬತ್ತು ಜನ ಅಡಿಟಿಪ್ಪಣಿಗೆ ಇಳಿದರು.
ನರ್ಸಮ್ಮನಿಗೆ ಸಿಟ್ಟು ಬಂತು.
ಅದನ್ನೂ ಬರೆದೆ, ಆಮೇಲೆ ಅಳಿಸಿದೆ.

ಮಂಗಳವಾರ ಸಂಜೆ ಹಾಳೆ ತುಂಬಲು ಕೂತೆ.
ಮಾರೀನಳ ಚೀಟಿಯಲ್ಲಿ ಪೆನ್ಸಿಲ್ಲಿನ ಗೀಟುಗಳು,
ಒಂದು ಗೀಟು ಒಂದು ನಿಮಿಷ.
ನಮ್ಮಪ್ಪ ಮೊದಲ ಸೇರಿಗೆ ಒಂದು ಅಂದದ್ದೇ ಇಲ್ಲ.
ಬೆರಳಿಟ್ಟು ಎಣಿಸಿದೆ, ಅವನ ಹಾಗೆ, ಬಾಯಿಬಿಟ್ಟು:
ಲಾಭ, ಎರಡು, ಮೂರು, ನಾಲ್ಕು.

ಆ ಕಾಲಂ ಅಂಕಿಯನ್ನಷ್ಟೇ ಒಪ್ಪುತ್ತದೆ.
ನಾಲ್ಕು ಎಂದು ಒತ್ತಿದೆ.